ಇಪ್ಪತ್ತೇಳನೇ ನಂಬರಿನ ಅಂಗಿ

ಆಲ್ಮಾ ಬೆಂಡ್ ಊರಿನ ಬೇಸ್‌ಬಾಲ್ ತಂಡದ ಹೆಸರು ಕೊಕ್ಕರೆಗಳು. ತಂಡಕ್ಕೆ ನೂರು ವರ್ಷದ ಇತಿಹಾಸವಿದೆ. ಅದರಲ್ಲಿ ಲೀಗ್ ಗೆದ್ದದ್ದು ಒಂದೇ ಸಲ, ಎರಡನೇ ಮಹಾಯುದ್ಧಕ್ಕೂ ಮೊದಲು, ಅದೂ ಎದುರು ತಂಡದ ಅರ್ಧ ಜನ ಮಂಗನಬಾವು ಬಂದು ಮಲಗಿದ್ದರಿಂದ. ಉಳಿದ ವರ್ಷಗಳಲ್ಲಿ ಯಾರಿಗೂ ಮಂಗನಬಾವು ಬರಲಿಲ್ಲ.

ತಂಡವನ್ನು ಕಟ್ಟಿದ್ದು ಗುಂಡಿ ಕಾರ್ಖಾನೆಯ ಮಾಲೀಕರು. ಆ ಕಾಲಕ್ಕೆ ಅಯೋವಾದ ಆ ನದಿದಂಡೆಯಲ್ಲಿ ಚಿಪ್ಪು ಹೆಕ್ಕಿ, ಕೊರೆದು, ಅಂಗಿಯ ಗುಂಡಿ ಮಾಡುವುದೇ ಎಲ್ಲರ ಕಸುಬು. ಕೆಲಸಗಾರರು ಭಾನುವಾರ ಕುಡಿದು ಹೊಡೆದಾಡುವ ಬದಲು ಒಂದು ಕಡೆ ಕುಳಿತು ಬೇರೆಯವರು ಸೋಲುವುದನ್ನು ನೋಡಲಿ ಎಂದು ಮಾಲೀಕರಿಗೆ ಅನ್ನಿಸಿತು. ಜನ ಕುಡಿದೇ ಬಂದು ನೋಡಿದರು. ಹೀಗೆ ಇಡೀ ಲೀಗಿನಲ್ಲಿ ಒಳ್ಳೆಯ ಗುಂಡಿಗಳಿದ್ದದ್ದು ಕೊಕ್ಕರೆಗಳ ಅಂಗಿಗೆ. ಆ ಗುಂಡಿ ಕಿತ್ತುಬಂದದ್ದನ್ನು ಯಾರೂ ಕಂಡಿಲ್ಲ. ಉಳಿದದ್ದೆಲ್ಲ ಕಿತ್ತುಬಂತು. ಮರದ ಗ್ಯಾಲರಿಗೆ ಎರಡು ಸಲ ಬೆಂಕಿ ಬಿತ್ತು, ಎರಡು ಸಲವೂ ತಂಡ ಸೋಲುತ್ತಿದ್ದಾಗ. ಆಮೇಲೊಮ್ಮೆ ನದಿ ಉಕ್ಕಿ ಕಚೇರಿಗೆ ನುಗ್ಗಿ, ಹಳೆಯ ಪಂದ್ಯಗಳ ಸ್ಕೋರಿನ ಹಾಳೆಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಊರು ಅದನ್ನು ದುರಂತ ಎಂದು ಕರೆಯಿತು. ಹಾಳೆಗಳು ಇದ್ದಾಗ ಯಾರೂ ತೆಗೆದು ನೋಡಿರಲಿಲ್ಲ.

ಇಂಥ ತಂಡಕ್ಕೆ ಒಬ್ಬ ವೀರ ಬೇಕಲ್ಲ? ಇದ್ದ. ಮೈದಾನದ ಎಡಗಡೆ ಗೋಡೆಯ ಮೇಲೆ, ಟೈರಿನ ಜಾಹೀರಾತಿಗೂ ಹಲ್ಲಿನ ಡಾಕ್ಟರ ಜಾಹೀರಾತಿಗೂ ನಡುವೆ, ಆಳೆತ್ತರದ ಅಂಕಿಯಲ್ಲಿ ಇಪ್ಪತ್ತೇಳು ಎಂದು ಬರೆದಿತ್ತು. ಕೆಳಗೆ ಹೆಸರು: ಎಲ್ಡನ್ ಹಾಸ್ಕಿನ್. ಆ ನಂಬರಿನ ಅಂಗಿಯನ್ನು ಇನ್ನು ಯಾರೂ ತೊಡುವಂತಿಲ್ಲ; ದೊಡ್ಡ ಆಟಗಾರರಿಗೆ ಹಾಗೆ ಗೌರವ ಕೊಡುವುದು ಪದ್ಧತಿ. ಊರಿನ ಯಾವ ಮಗುವನ್ನು ಕೇಳಿದರೂ ಕಥೆ ಒಪ್ಪಿಸುತ್ತಿತ್ತು. ಐವತ್ತೆಂಟರ ಫೈನಲಿನಲ್ಲಿ ಆಕಾಶದಿಂದ ಇಳಿದ ಕೊನೆಯ ಚೆಂಡನ್ನು ಹಿಡಿದವನು ಎಲ್ಡನ್. ಮುಂದಿನ ಮಾರ್ಚಿನಲ್ಲಿ, ಹೆಪ್ಪುಗಟ್ಟಿದ ನದಿಯ ಬಿರುಕಿನಲ್ಲಿ ಸಿಕ್ಕಿಬಿದ್ದ ಮಗುವನ್ನು ದಡಕ್ಕೆ ಎಸೆದು ತಾನು ಮುಳುಗಿದವನೂ ಎಲ್ಡನ್. ಹಾಗಾದರೆ ಐವತ್ತೆಂಟರಲ್ಲಿ ತಂಡ ಗೆದ್ದಿರಬೇಕಲ್ಲ, ಗೆದ್ದ ವರ್ಷ ಬೇರೆಯಲ್ಲವೇ ಎಂದು ಕೇಳುವ ಮಗು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಎಲ್ಡನ್‌ನ ಹೆಂಡತಿ ವರ್ನಾಳಿಗೆ ನಿಜ ಗೊತ್ತಿತ್ತು. ಅದನ್ನು ಅವಳು ಗುಟ್ಟಾಗಿ ಇಟ್ಟಿರಲೂ ಇಲ್ಲ. ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಯಾರೂ ನಂಬುತ್ತಿರಲಿಲ್ಲ.

ಎಲ್ಡನ್ ಎರಡನೇ ಬೇಸಿನ ಹತ್ತಿರ ನಿಲ್ಲುತ್ತಿದ್ದವನು. ಓಡುವುದಕ್ಕೆ ಅಡ್ಡಿಯಿಲ್ಲ, ಬ್ಯಾಟು ಬೀಸುವುದಕ್ಕೂ ಅಡ್ಡಿಯಿಲ್ಲ. ಚೆಂಡು ಮೇಲಕ್ಕೆ ಹೋದರೆ ಮಾತ್ರ ಅವನಿಗೆ ಏನೋ ಆಗಿಬಿಡುತ್ತಿತ್ತು. ಕತ್ತು ಎತ್ತಿ, ಗರುಡನನ್ನು ಕಂಡ ಕೋಳಿಯ ಹಾಗೆ ಇದ್ದಲ್ಲೇ ಸುತ್ತುತ್ತಿದ್ದ. ಫೈನಲಿನ ಕೊನೆಯ ಚೆಂಡು ನೇರ ಅವನ ನೆತ್ತಿಯ ಮೇಲೆ ಎದ್ದಿತು. ಹಿಡಿದರೆ ಗೆದ್ದ ಹಾಗೆ. ಪಾದ್ರಿಗಳು ಆಗಲೇ ಟೋಪಿ ಹಾಕಿಕೊಂಡು ಮನೆಗೆ ಹೊರಟಿದ್ದರು. ಚೆಂಡು ಗ್ಲೌಸಿನೊಳಗೆ ಬಿತ್ತು, ಆಮೇಲೆ ಗ್ಲೌಸಿನಿಂದ ಹೊರಗೆ ಬಿತ್ತು. ಎದುರು ತಂಡದವರು ಓಡಿ ಮುಗಿಸಿದರು. ಪಾದ್ರಿಗಳು ಅಂದ ಮಾತನ್ನು ಪಕ್ಕದಲ್ಲಿದ್ದವರು ಕೊನೆಯವರೆಗೂ ಹೊರಗೆ ಹೇಳಲಿಲ್ಲ.

ಎಲ್ಡನ್ ಬಟ್ಟೆ ಬದಲಿಸುವ ಕೋಣೆಯ ಕಡೆ ಹೋಗಲಿಲ್ಲ. ಹಿಂದಿನ ಗೇಟಿನಿಂದ ಹೊರಬಿದ್ದು, ಮೊಳೆಬೂಟು ಟಕಟಕ ಅನ್ನಿಸುತ್ತ ಬೀದಿಯುದ್ದಕ್ಕೂ ನಡೆದು ಮನೆಗೆ ಬಂದ. ಅಡುಗೆಮನೆಯ ಮೇಜಿನ ಮುಂದೆ ಕುಳಿತು ಹಿಂದಿನ ದಿನ ಬೇಯಿಸಿದ್ದ ಕೊಚ್ಚುಮಾಂಸದ ಮೀಟ್‌ಲೋಫ್ ತಿಂದ. ತಂಡದ ಅಂಗಿಯನ್ನೂ ಬಿಚ್ಚಲಿಲ್ಲ.

ತಂಡದ ಅಂಗಿಗಳು ಆಟಗಾರರ ಸ್ವತ್ತಲ್ಲ. ದೊಡ್ಡ ಲೀಗಿನ ತಂಡದವರು ಹಾಕಿ ಹಳೆಯದಾದದ್ದು ಇಲ್ಲಿಗೆ ಬರುತ್ತಿತ್ತು. ಇಲ್ಲಿ ಗುಂಡಿ ಬದಲಿಸಿ, ಹರಿಯುವ ತನಕ ಹಾಕುತ್ತಿದ್ದರು. ಸೀಸನ್ನಿನ ಕೊನೆಯ ದಿನ ಎಲ್ಲರೂ ಬಿಚ್ಚಿ ಗಸ್‌ಗೆ ಒಪ್ಪಿಸಬೇಕು. ಗಸ್ ಎಂದರೆ ತಂಡದ ಬ್ಯಾಟು, ಬಟ್ಟೆ, ಚೀಲ ನೋಡಿಕೊಳ್ಳುವ ಮುದುಕ. ಮರುದಿನ ಬೆಳಿಗ್ಗೆಯೇ ಬಂದು ಬಾಗಿಲು ಬಡಿದ.

“ಮಲಗಿದ್ದಾರೆ,” ಎಂದಳು ವರ್ನಾ.

ಎಲ್ಡನ್ ನೆಲಮಾಳಿಗೆಯಲ್ಲಿ ಬಾಯ್ಲರಿನ ಹಿಂದೆ ಕುಳಿತಿದ್ದ. ಗಸ್ ಆ ಚಳಿಗಾಲವೆಲ್ಲ ಬಂದ. ಪ್ರತಿ ಸಲವೂ ಎಲ್ಡನ್ ಮಲಗಿದ್ದ. ಅಷ್ಟು ನಿದ್ದೆ ಮಾಡುವ ಗಂಡಸನ್ನು ನೋಡಿಲ್ಲ ಎಂದು ಗಸ್ ಒಮ್ಮೆ ಅಂದದ್ದು ಬಿಟ್ಟರೆ ಬೇರೆ ದೂರಲಿಲ್ಲ.

ಮಾರ್ಚಿನಲ್ಲಿ ಎಲ್ಡನ್ ನದಿಯ ಮೇಲೆ ಮೀನು ಹಿಡಿಯಲು ಹೋದ. ಹಿಮಗಡ್ಡೆ ಇನ್ನೊಂದು ವಾರ ತಡೆಯುತ್ತದೆ ಎಂದು ಅವನ ಅಂದಾಜು. ಅವನ ಅಂದಾಜುಗಳೆಲ್ಲ ಆ ಜಾತಿಯವೇ. ಮಗು ಗಿಗು ಯಾವುದೂ ಇರಲಿಲ್ಲ. ದಡದಲ್ಲಿ ಅವನ ಮುಕ್ಕಾಲಿ ಸಿಕ್ಕಿತು, ಬಕೆಟ್ಟಿನಲ್ಲಿ ಜೀವಂತ ಮೀನು ಸಿಕ್ಕಿತು, ಕೊನೆಗೆ ಅವನ ಹೆಣವೂ ಸಿಕ್ಕಿತು. ವರ್ನಾಳಿಗೆ ಆಗ ಇಪ್ಪತ್ತೆರಡು. ಮೀನನ್ನು ಏನು ಮಾಡಬೇಕು ಎಂದು ಯಾರೋ ಅವಳನ್ನು ಕೇಳಿದರು. ಹುರಿಯಿರಿ ಎಂದಳು.

ಎಲ್ಡನ್ ಮದುವೆಗೆ ಹಾಕಿಕೊಂಡಿದ್ದ ಸೂಟು ಅವನ ಅಣ್ಣನದು. ಶವಸಂಸ್ಕಾರಕ್ಕೆ ಹಾಕಿಕೊಳ್ಳಲು ಅಣ್ಣನಿಗೆ ಅದು ಬೇಕಾಗಿತ್ತು. ಹಾಗಾಗಿ ವರ್ನಾ ಗಂಡನಿಗೆ ಮನೆಯಲ್ಲಿದ್ದ ಒಂದೇ ಒಳ್ಳೆಯ ಅಂಗಿ ತೊಡಿಸಿದಳು. ಇಪ್ಪತ್ತೇಳನೇ ನಂಬರಿನದು. ಗುಂಡಿಗಳನ್ನು ಒಂದೊಂದಾಗಿ ಒರೆಸಿದಳು. ಅವಳೂ ಗುಂಡಿ ಕಾರ್ಖಾನೆಯವಳೇ, ಯಾವುದೋ ಒಂದು ಅವಳ ಕೈಯಲ್ಲೇ ಪಾಲಿಶ್ ಆದದ್ದಿರಬೇಕು. ಸ್ಮಶಾನದಲ್ಲಿ ಗಸ್ ಟೋಪಿ ಕೈಯಲ್ಲಿ ಹಿಡಿದು ಬಂದು, ಹೇಳಬೇಕಾದದ್ದನ್ನೆಲ್ಲ ಹೇಳಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ:

“ತಪ್ಪು ತಿಳ್ಕೋಬೇಡಮ್ಮ. ಆ ಅಂಗಿ ಏನಾಯ್ತು?”

ವರ್ನಾ ಗದ್ದದಿಂದ ಮಣ್ಣನ್ನು ತೋರಿಸಿದಳು. ಗಸ್ ಆ ಕಡೆ ನೋಡಿದ.

“ಸರಿ, ಬಿಡು,” ಎಂದ.

ಇಷ್ಟೇ ನಡೆದದ್ದು. ಹೊಸ ಅಂಗಿ ಹೊಲಿಸುವಷ್ಟು ತಂಡಕ್ಕೆ ಶಕ್ತಿಯಿರಲಿಲ್ಲ. ಮುಂದಿನ ವರ್ಷದಿಂದ ಇಪ್ಪತ್ತಾರು ಆದ ಮೇಲೆ ಇಪ್ಪತ್ತೆಂಟು. ಹೊಸ ಅಂಗಿಗಳು ಬಂದಾಗಲೂ ಗಸ್ ಅಭ್ಯಾಸಬಲದಿಂದ ಆ ನಂಬರು ಬಿಟ್ಟೇ ತರಿಸಿದ.

ಗುಂಡಿ ಕಾರ್ಖಾನೆ ಮುಚ್ಚಿತು. ತಂಡವನ್ನು ಅರ್ವಿನ್ ಡೀಟ್ಸ್ ಎಂಬ ಪೀಠೋಪಕರಣದ ವ್ಯಾಪಾರಿ ಕೊಂಡ. ಸೋಫಾ ಮಾರುವಾಗ ಬೇಕಾದರೆ ಕಣ್ಣೀರು ತಂದುಕೊಳ್ಳಬಲ್ಲ ಮನುಷ್ಯ. ಬಂದ ಹೊಸತರಲ್ಲಿ ಗಸ್‌ನನ್ನು ಕೇಳಿದ, ಇಪ್ಪತ್ತೇಳನ್ನು ಯಾಕೆ ಯಾರೂ ಹಾಕಿಕೊಳ್ಳುವುದಿಲ್ಲ ಎಂದು.

“ಅದು ಹಾಸ್ಕಿನ್‌ದು. ಅವನು ಸತ್ತೋದ,” ಎಂದ ಗಸ್.

ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವುದು ಗಸ್‌ನ ಜಾಯಮಾನ. ಅರ್ವಿನ್ ಡೀಟ್ಸ್‌ಗೆ ಅಷ್ಟೇ ಸಾಕಾಯಿತು. ಕಣ್ಣು ತುಂಬಿಕೊಂಡ. ಮುಂದಿನ ವಾರ ಪೇಂಟರು ಏಣಿ ಹತ್ತಿದ.

ಗೋಡೆಗೆ ಬಣ್ಣ ಬಿದ್ದ ಮೇಲೆ ಬಣ್ಣಕ್ಕೊಂದು ಕಾರಣ ಬೇಕಾಯಿತು. ಮೊದಮೊದಲು ಎಲ್ಡನ್ ಬರೀ ಒಳ್ಳೆಯ ಆಟಗಾರ. ಎರಡು ಮೂರು ವರ್ಷಕ್ಕೆ ಚೆಂಡು ಹಿಡಿದ. ಆಮೇಲೆ ಒಂದು ಮಗು ನದಿಗೆ ಬಿತ್ತು. ಆ ಮಗು ತಾನೇ ಎಂದು ಹೇಳಿಕೊಳ್ಳುವವರು ಊರಲ್ಲಿ ಈಗ ಮೂರು ಜನ ಇದ್ದಾರೆ. ಅವರಲ್ಲೊಬ್ಬ ಆ ವರ್ಷ ಜರ್ಮನಿಯಲ್ಲಿ ಸೈನ್ಯದಲ್ಲಿದ್ದ.

ಅರ್ವಿನ್ ಪ್ರತಿ ಕ್ರಿಸ್‌ಮಸ್‌ಗೆ ವರ್ನಾಳ ಮನೆಗೆ ಒಂದು ಇಡೀ ಹಂದಿತೊಡೆ ತರುತ್ತಿದ್ದ. ಮೊದಲ ಸಲ ಅವಳು ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು, ಅವರು ಕ್ಯಾಚ್ ಹಿಡಿಯಲಿಲ್ಲ, ಬಿಟ್ಟರು, ತಂಡ ಅದರಿಂದಲೇ ಸೋತಿತು ಎಂದು. ಅರ್ವಿನ್ ಅವಳ ಕೈ ಹಿಡಿದುಕೊಂಡ. ಎಂಥ ದೊಡ್ಡ ಮನಸ್ಸು ನಿಮ್ಮದು ಎಂದ. ಪೇಪರಿನವರಿಗೆ ಹೇಳಿದಳು, ವೀರನ ಪತ್ನಿಯ ವಿನಯ ಎಂದು ಬರೆದರು. ಪಾದ್ರಿಗಳಿಗೆ ಹೇಳಿದಳು, ಅವರು ಹೊಸಬರು, ಅವಳ ವಿನಯದ ಮೇಲೆ ಒಂದು ಭಾನುವಾರ ಉಪದೇಶ ಮಾಡಿದರು. ನಿಜ ಹೇಳಿದಷ್ಟೂ ಎಲ್ಡನ್ ಎತ್ತರವಾಗುತ್ತ ಹೋದ. ಕೊನೆಗೆ ಅವಳು ಹೇಳುವುದನ್ನು ಕಡಿಮೆ ಮಾಡಿ ಹಂದಿತೊಡೆ ತಿಂದಳು. ಎರಡನೇ ಮದುವೆಯ ಮಾತು ಒಂದೆರಡು ಸಲ ಬಂದಿತ್ತು. ಸತ್ತ ವೀರನ ಜೊತೆ ಸ್ಪರ್ಧೆಗೆ ಇಳಿಯುವ ಧೈರ್ಯ ಯಾವ ಗಂಡಸಿಗೂ ಬರಲಿಲ್ಲ. ಅದರಲ್ಲೊಬ್ಬ ಕೊಳಾಯಿ ರಿಪೇರಿಯವನು, ನೋಡಲು ಚೆನ್ನಾಗಿದ್ದ.

ಅರ್ವಿನ್ ಒಮ್ಮೆ ಮದುವೆಯ ಫೋಟೊ ಕೇಳಿ ತೆಗೆದುಕೊಂಡು ಹೋಗಿ ಕಚೇರಿಯಲ್ಲಿ ತೂಗುಹಾಕಿದ. ಅವಳ ಹತ್ತಿರ ಇದ್ದದ್ದು ಅದೊಂದೇ. ನದಿ ಉಕ್ಕಿದಾಗ ಸ್ಕೋರಿನ ಹಾಳೆಗಳ ಜೊತೆ ಅದೂ ಹೋಯಿತು. ತಂಡದ ಗುಂಪಿನ ಫೋಟೊದಲ್ಲಿ ಎಲ್ಡನ್ ಸೀನುತ್ತಿದ್ದಾನೆ.

ಈಗ ತಂಡ ಅರ್ವಿನ್‌ನ ಮಗ ಕರ್ಟ್ ಡೀಟ್ಸ್‌ನದು. ತಂಡದ ನೂರನೇ ವರ್ಷಕ್ಕೆ ಅವನು ಎಲ್ಡನ್‌ನ ತಲೆಯಾಡಿಸುವ ಗೊಂಬೆ ಮಾಡಿಸಿದ. ಕತ್ತಿನಲ್ಲಿ ಸ್ಪ್ರಿಂಗ್ ಇರುವ ಈ ಗೊಂಬೆಗಳನ್ನು ಪುಕ್ಕಟೆ ಕೊಡುತ್ತಾರೆಂದರೆ ಆಟದ ತಲೆಬುಡ ತಿಳಿಯದವರೂ ಬೆಳಗಾಗುವ ಮೊದಲೇ ಸಾಲು ನಿಲ್ಲುತ್ತಾರೆ. ಮೊದಲ ಗೊಂಬೆಯನ್ನು ಕರ್ಟ್ ಸ್ವತಃ ವರ್ನಾಳ ಮನೆಗೆ ತಂದುಕೊಟ್ಟ. ಕೈ ಮೇಲೆತ್ತಿ ಚೆಂಡು ಹಿಡಿದಿರುವ ಗಂಡಸು. ಮುಖದ ಮಾದರಿ ಇಲ್ಲದೆ ಮಾಡಿದವರು ತಮಗೆ ತೋಚಿದ ದವಡೆ ಇಟ್ಟಿದ್ದರು. ಚಚ್ಚೌಕ ದವಡೆ, ಶೇವಿಂಗ್ ಬ್ಲೇಡಿನ ಜಾಹೀರಾತಿನದು.

ಆಗ ವರ್ನಾಳ ನೆಲಮಾಳಿಗೆಯಲ್ಲಿ ಕೊಲ್ಬಿ ರಾಶ್ ಎಂಬ ಆಟಗಾರ ಇದ್ದ. ಕೆಳಗಿನ ಲೀಗಿನ ಆಟಗಾರರಿಗೆ ಬಾಡಿಗೆ ಕೊಟ್ಟು ಬದುಕುವಷ್ಟು ಸಂಬಳವಿಲ್ಲ, ಹಾಗಾಗಿ ಊರಿನವರು ಬೇಸಿಗೆಗೆ ಒಬ್ಬೊಬ್ಬರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಕೊಲ್ಬಿ ಒಕ್ಲಹೋಮದವನು, ಎರಡನೇ ಬೇಸಿನವನು. ಹಿಟ್ಟು ಕಲಸುವ ಬೋಗುಣಿಯಲ್ಲಿ ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದ. ಊರಿನವರ ಪ್ರಕಾರ ಅವನು ಚೆಂಡೊಂದನ್ನು ಬಿಟ್ಟು ಎಲ್ಲವನ್ನೂ ಹಿಡಿಯುತ್ತಿದ್ದ, ನೆಗಡಿಯನ್ನೂ ಹಿಡಿದಿದ್ದ. ಈ ತಿಂಗಳೇ ಮನೆಗೆ ಕಳಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು, ಅವನಿಗೂ.

ಅವನು ಗೊಂಬೆಯ ತಲೆಯನ್ನು ಬೆರಳಿನಿಂದ ತಟ್ಟಿ ನೋಡಿದ.

“ಇವ್ರು ನಿಮ್ಮ ಯಜಮಾನ್ರಾ ಮೇಡಂ? ಒಳ್ಳೆ ಹೀರೊ ಥರ ಇದಾರಲ್ಲ.”

“ಅವರಲ್ಲ.”

“ಡಬ್ಬಿ ಮೇಲೆ ಹೆಸರು ಬರ್ದಿದೆ.”

“ಡಬ್ಬಿ ಅವರದೇ. ಒಳಗಿರೋನು ಯಾರೋ ಗೊತ್ತಿಲ್ಲ.”

“ಮತ್ತೆ ಅವ್ರು ಹೇಗಿದ್ರು?”

ವರ್ನಾ ಎತ್ತರ ಹೇಳಿದಳು, ಕೂದಲ ಬಣ್ಣ ಹೇಳಿದಳು. ಎತ್ತರ ಹೇಳಿದಳು, ಕೂದಲ ಬಣ್ಣ ಹೇಳಿದಳು. ಅದು ಕಳೆದುಹೋದ ನಾಯಿಯನ್ನು ಪೊಲೀಸರಿಗೆ ವರ್ಣಿಸಿದ ಹಾಗಿತ್ತು. ಕೊಲ್ಬಿ ತಲೆಯಾಡಿಸಿದ, ಗೊಂಬೆಯೂ ಆಡಿಸಿತು.

ಅವನು ಅಭ್ಯಾಸಕ್ಕೆ ಹೋದ ಮೇಲೆ ಅವಳು ಕುಳಿತು ಮತ್ತೆ ಪ್ರಯತ್ನ ಮಾಡಿದಳು. ಬೂಟಿನ ಸದ್ದು ಬಂತು. ಬಾಯ್ಲರಿನ ಹಿಂದೆ ಮಡಚಿದ ಮೊಣಕಾಲು ಬಂತು. ಮೈದಾನ, ಬಿಸಿಲು, ಮೇಲೇರಿದ ಚೆಂಡು, ಗ್ಲೌಸಿನಿಂದ ಉರುಳಿದ ಚೆಂಡು, ಎಲ್ಲವೂ ಬಂತು. ಮುಖ ಇರಬೇಕಾದ ಜಾಗಕ್ಕೆ ಬಂದಾಗ ಚಚ್ಚೌಕ ದವಡೆ ಬಂದು ಕುಳಿತಿತು. ಮತ್ತೆ ಮೊದಲಿಂದ ನೆನೆದಳು. ಮತ್ತೆ ದವಡೆ. ಇಷ್ಟು ವರ್ಷ ಊರು ಎಲ್ಡನ್‌ನ ಬಗ್ಗೆ ಹೇಳಿದ್ದನ್ನೆಲ್ಲ ಅವಳು ಪಕ್ಕಕ್ಕೆ ಸರಿಸುತ್ತ ಬಂದಿದ್ದಳು. ತನ್ನ ಹತ್ತಿರ ಅಸಲಿ ಇದೆ ಎಂಬ ಧೈರ್ಯವಿತ್ತು. ಈಗ ನೋಡಿದರೆ ಪೆಟ್ಟಿಗೆ ಖಾಲಿ. ಅವಳು ಅಳಲಿಲ್ಲ. ಬೋಗುಣಿ ತೊಳೆದಳು. ಗೊಂಬೆಯನ್ನು ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಮಲಗಿಸಿ, ಕರ್ಟ್‌ನ ಕಚೇರಿಗೆ ಹೋದಳು.

ಕರ್ಟ್ ಎದ್ದು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ.

“ಆ ನಂಬರನ್ನ ಗೋಡೆಯಿಂದ ಇಳಿಸು. ಯಾರಿಗಾದ್ರೂ ಹಾಕ್ಕೊಳ್ಳೋಕೆ ಕೊಡು.”

“ಏನ್ ಹೇಳ್ತಿದೀರಿ ಮಿಸೆಸ್ ಹಾಸ್ಕಿನ್? ಅದು ಪವಿತ್ರ ನಂಬರು.”

“ಅದು ಗಸ್‌ಗೆ ವಾಪಸು ಕೊಡದೆ ಉಳಿದ ನಂಬರು. ಒಂದೇ ಒಂದ್ಸಲ ಅದು ಆ ಮಣ್ಣಲ್ಲಿ ಓಡೋದನ್ನ ನೋಡ್ಬೇಕು ನಾನು. ಅಷ್ಟೇ. ನನಗೆ ಅವರ ಮುಖ ಮರ್ತು ಹೋಗಿದೆ ಕಣೋ.”

ಕರ್ಟ್ ಅಪ್ಪನ ಹಾಗೆ ಅಳುವವನಲ್ಲ. ನಾಲ್ಕು ಸಾವಿರ ಗೊಂಬೆ ಬಂದು ಕೂತಿವೆ ಎಂದ. ನಂಬರು ಈಗ ನಿಮ್ಮದಲ್ಲ, ಊರಿನದು ಎಂದ. ಅಂಗಿ ಊರಿನದಾಗಿತ್ತು, ಗಸ್ ಕೇಳಲು ಬಂದಿದ್ದ, ಕೊಡಲಿಲ್ಲ ಎಂದಳು ವರ್ನಾ. ಕರ್ಟ್ ನಕ್ಕು, ಭಾನುವಾರ ಮೈಕು ನಿಮ್ಮ ಕೈಗೇ ಕೊಡುತ್ತೇವೆ, ಏನು ಬೇಕಾದರೂ ಹೇಳಿ ಎಂದ. ಅವಳು ಏನು ಹೇಳಿದರೂ ಅಪಾಯವಿಲ್ಲ ಎಂದು ಅವನಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಗ್ಯಾಲರಿ ತುಂಬಿತು. ಗೊಂಬೆ ಸಿಕ್ಕ ಕೂಡಲೇ ಮನೆಗೆ ಹೊರಟವರೂ ಇದ್ದರು. ವರ್ನಾಳಿಗಾಗಿ ಕರ್ಟ್ ಹಳೆಯ ಮಾದರಿಯಲ್ಲಿ ಒಂದು ಅಂಗಿ ಹೊಲಿಸಿದ್ದ. ಉಣ್ಣೆಯ ಬಟ್ಟೆ, ಚಿಪ್ಪಿನ ಗುಂಡಿ, ಬೆನ್ನ ಮೇಲೆ ಇಪ್ಪತ್ತೇಳು. ಅಳತೆ ಕೇಳಿರಲಿಲ್ಲ. ಹಾಕಿಕೊಂಡಿದ್ದ ಬಟ್ಟೆಯ ಮೇಲೆ ತೊಟ್ಟರೆ ಮೊಣಕಾಲಿಗೆ ಬಂತು.

ಅವಳು ಮೈಕು ಹಿಡಿದು, ಗಂಡ ಚೆಂಡು ಬಿಟ್ಟದ್ದನ್ನು ಹೇಳಿದಳು. ಹಿಂದಿನ ಗೇಟಿನಿಂದ ಓಡಿಹೋದದ್ದನ್ನು, ನೆಲಮಾಳಿಗೆಯಲ್ಲಿ ಅಡಗಿದ್ದನ್ನು, ಮಗು ಇರಲಿಲ್ಲ ಎಂಬುದನ್ನು ಹೇಳಿದಳು. ಅಲಂಕಾರವಿಲ್ಲದೆ, ದಿನಸಿ ಅಂಗಡಿಯಲ್ಲಿ ಬೇಕಾದ ಸಾಮಾನು ಹೇಳುವ ಹಾಗೆ ಹೇಳಿದಳು. ಜನ ಮೊದಲು ನಕ್ಕರು. ಆಮೇಲೆ ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು, ಎಲ್ಲರ ಕೈಯಲ್ಲೂ ಗೊಂಬೆಗಳು ತಲೆಯಾಡಿಸಿದವು. ನದಿಗೆ ಬಿದ್ದಿದ್ದ ಮಗು ಎಂದು ಹೇಳಿಕೊಳ್ಳುವ ಒಬ್ಬ ಮುದುಕ ಬಂದು ಅವಳನ್ನು ಅಪ್ಪಿಕೊಂಡ. ಗೌರವದ ಮೊದಲ ಚೆಂಡನ್ನು ಅವಳೇ ಎಸೆದಳು. ಅದು ಅರ್ಧ ದಾರಿಯಲ್ಲಿ ಬಿತ್ತು. ಅದಕ್ಕೂ ಚಪ್ಪಾಳೆ.

ಅವಳನ್ನು ಮೊದಲ ಸಾಲಿನಲ್ಲಿ, ಆಟಗಾರರ ಬೆಂಚಿನ ಪಕ್ಕದಲ್ಲೇ ಕೂರಿಸಿದರು. ಸೆಕೆಗೆ ಉಣ್ಣೆಯ ಅಂಗಿ ಮೈಗೆ ಅಂಟಿತು.

ಆಟ ಎಂದಿನಂತೆ ನಡೆಯಿತು, ಎಂದರೆ ಕೆಟ್ಟದಾಗಿ. ಆದರೆ ಎದುರು ತಂಡದವರು ಇನ್ನೂ ಕೆಟ್ಟದಾಗಿ ಆಡಿದರು. ಎಂಟನೇ ಇನ್ನಿಂಗ್ಸಿನಲ್ಲಿ ಕೊಲ್ಬಿ ಓಡಿ ಬಂದು, ಮುಖ ಮುಂದಾಗಿ ನೆಲದ ಮೇಲೆ ಜಾರಿ ಬೇಸು ಮುಟ್ಟಿ, ಕೊಕ್ಕರೆಗಳಿಗೆ ಒಂದು ರನ್ನಿನ ಮುನ್ನಡೆ ತಂದುಕೊಟ್ಟ. ಎದ್ದಾಗ ಮೂಗಿನಿಂದ ರಕ್ತ ಸುರಿದು ಅಂಗಿಯ ಎದೆಯೆಲ್ಲ ಕೆಂಪಾಗಿತ್ತು. ರಕ್ತವಾದ ಅಂಗಿಯಲ್ಲಿ ಆಡುವಂತಿಲ್ಲ ಎಂದು ನಿಯಮ. ಅದಕ್ಕೇ ಪ್ರತಿ ತಂಡವೂ ಯಾರ ಹೆಸರೂ ಇಲ್ಲದ ಒಂದು ಅಂಗಿಯನ್ನು ಮೊಳೆಗೆ ತೂಗುಹಾಕಿರುತ್ತದೆ. ಅದಕ್ಕೆ ರಕ್ತದಂಗಿ ಎಂದೇ ಹೆಸರು.

ಮೊಳೆ ಇತ್ತು. ಅಂಗಿ ಇರಲಿಲ್ಲ. ನೂರನೇ ವರ್ಷದ ಹರಾಜಿನಲ್ಲಿ ಕರ್ಟ್ ಬೆಳಿಗ್ಗೆಯಷ್ಟೇ ಅದನ್ನೂ ಮಾರಿಬಿಟ್ಟಿದ್ದ. ಕೊಂಡವರು ಗೋಡೆಯ ಮೇಲಿನ ಜಾಹೀರಾತಿನ ಹಲ್ಲಿನ ಡಾಕ್ಟರು. ಅವರು ಅಂಗಿ, ಗೊಂಬೆ ಎರಡನ್ನೂ ತೆಗೆದುಕೊಂಡು ಮನೆಗೆ ಹೋಗಿಯಾಗಿತ್ತು.

ಅಂಪೈರ್ ದಪ್ಪನೆಯ ಮನುಷ್ಯ, ಬೇರೆ ಊರಿನವನು, ಊಟಕ್ಕೆ ಹೊತ್ತಾಗಿತ್ತು. ಬೆಂಚಿನ ಮೇಲಿದ್ದವರೆಲ್ಲ ಆಗಲೇ ಆಡಿ ಹೊರಬಂದವರು, ಮತ್ತೆ ಇಳಿಯುವಂತಿಲ್ಲ; ಅವರಲ್ಲೊಬ್ಬ ತನ್ನ ಅಂಗಿ ಬಿಚ್ಚಿಕೊಡಲು ಹೋದ. ಆಗುವುದಿಲ್ಲ ಎಂದ ಅಂಪೈರ್. ಆಟಗಾರರ ಪಟ್ಟಿಯ ಹಾಳೆಯಲ್ಲಿ ಒಬ್ಬನ ಹೆಸರಿಗೆ ಬರೆದಿರುವ ನಂಬರನ್ನು ಇನ್ನೊಬ್ಬ ತೊಡುವಂತಿಲ್ಲ.

“ಯಾರದೂ ಅಲ್ಲದ ನಂಬರ್ ತಗೊಂಬನ್ನಿ. ಇಲ್ಲಾಂದ್ರೆ ಒಬ್ಬ ಕಡಿಮೆ ಇಟ್ಕೊಂಡು ಆಡಿ.”

ಮೂಗಿಗೆ ಹತ್ತಿ ತುರುಕಿಕೊಂಡು ನಿಂತಿದ್ದ ಕೊಲ್ಬಿ ಆ ಕಡೆ ಈ ಕಡೆ ನೋಡಿ, ಕೊನೆಗೆ ವರ್ನಾಳ ಕಡೆ ನೋಡಿದ. ಅವಳು ಆಗಲೇ ಮೇಲಿನ ಗುಂಡಿ ಬಿಚ್ಚುತ್ತಿದ್ದಳು.

ಹೊಸ ಬಟ್ಟೆ, ಕಾಜಾ ಬಿಗಿ. ಆದರೆ ಬೆರಳುಗಳಿಗೆ ಆ ಗುಂಡಿಗಳ ಗುರುತಿತ್ತು. ಕೊನೆಯ ಗುಂಡಿಗೆ ಬರುವಷ್ಟರಲ್ಲಿ ಕರ್ಟ್ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದ.

“ಆ ನಂಬರ್ ಆಗಲ್ಲ. ಅದು ಎಲ್ಡನ್ ಹಾಸ್ಕಿನ್‌ದು.”

ಅಂಪೈರ್ ಹಾಳೆಯ ಮೇಲೆ ಬೆರಳಾಡಿಸಿ ನೋಡಿದ.

“ಹಾಸ್ಕಿನ್ ಅಂತ ಯಾರೂ ಇಲ್ವಲ್ಲ.”

“ಇಲ್ಲ, ಅವರು ತೀರ್ಕೊಂಡಿದಾರೆ.”

“ಸತ್ತೋರನ್ನ ನಾನು ಹಾಳೆಗೆ ತಗೊಳ್ಳಲ್ಲ ಸಾರ್. ಅಮ್ಮಾ, ಕೊಡಿ ಇಲ್ಲಿ.”

ಕೊಲ್ಬಿ ಬೆಚ್ಚಗಿದ್ದ ಅಂಗಿಯನ್ನು ತೊಟ್ಟ. ಅವನಿಗೆ ಅದು ಸರಿಯಾಗಿ ಕೂತಿತು. ಅವನು ಮೈದಾನಕ್ಕೆ ಇಳಿದಾಗ ಗ್ಯಾಲರಿಯಲ್ಲಿ ಜನ ಎದ್ದು ನಿಂತರು. ಕೆಲವರು ಟೋಪಿ ತೆಗೆದರು. ಎಲ್ಲರೂ ಒಮ್ಮೆ ಗೋಡೆಯ ಮೇಲಿನ ಅಂಕಿಯನ್ನು, ಒಮ್ಮೆ ಅವನ ಬೆನ್ನನ್ನು ನೋಡಿದರು. ಎರಡೂ ಒಂದೇ ಇದ್ದವು.

ಒಂಬತ್ತನೇ ಇನ್ನಿಂಗ್ಸು ಕೊನೆಯದು. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು, ಇಬ್ಬರು ಬೇಸುಗಳ ಮೇಲೆ ಕಾಯುತ್ತಿದ್ದರು. ಇನ್ನೊಬ್ಬ ಔಟಾದರೆ ಮುಗಿಯಿತು. ಬ್ಯಾಟಿನವನು ಬೀಸಿದ. ಚೆಂಡು ಎಲ್ಲಿಗೂ ಹೋಗದೆ ನೇರ ಮೇಲಕ್ಕೆ ಹೋಯಿತು, ಎರಡನೇ ಬೇಸಿನ ಮೇಲೆ, ಬಹಳ ಎತ್ತರ. ಎಂಟು ವರ್ಷದ ಹುಡುಗಿಯೂ ಏಪ್ರನ್ ಒಡ್ಡಿ ಹಿಡಿಯಬಹುದಾದ ಚೆಂಡು.

ಕೊಲ್ಬಿ ಕತ್ತೆತ್ತಿದ. ಒಂದು ಹೆಜ್ಜೆ ಹಿಂದೆ ಇಟ್ಟ, ಎರಡು ಹೆಜ್ಜೆ ಮುಂದೆ ಬಂದ. ಆಮೇಲೆ ಸುತ್ತತೊಡಗಿದ. ಬೆನ್ನ ಮೇಲಿನ ಇಪ್ಪತ್ತೇಳು ವರ್ನಾಳ ಕಡೆ ತಿರುಗಿತು, ಮರೆಯಾಯಿತು, ಮತ್ತೆ ತಿರುಗಿತು. ಅವಳು ಮುಂದಿನ ಕಂಬಿಯನ್ನು ಹಿಡಿದುಕೊಂಡಳು. ಚೆಂಡು ಗ್ಲೌಸಿನೊಳಗೆ ಬಿತ್ತು. ಆಮೇಲೆ ಹೊರಗೆ ಬಿತ್ತು.

ಇಬ್ಬರೂ ಓಡಿ ಬಂದರು. ಇಡೀ ಗ್ಯಾಲರಿ ಗೊಂಬೆ ಹಿಡಿದುಕೊಂಡು ಸುಮ್ಮನೆ ನಿಂತಿತ್ತು.

ಚೆಂಡು ಕಾಲ ಬಳಿ ಬಿದ್ದಿತ್ತು. ಕೊಲ್ಬಿ ಅದನ್ನು ನೋಡಲಿಲ್ಲ. ಗ್ಲೌಸನ್ನು ಅಗಲಿಸಿ ಅದರೊಳಗೆ ನೋಡಿದ. ಇನ್ನೂ ಅಲ್ಲೇ ಇರಬಹುದು, ಸರಿಯಾಗಿ ಹುಡುಕಿದರೆ ಸಿಗಬಹುದು ಎನ್ನುವ ಹಾಗೆ.

ಎಲ್ಡನ್ ಹೀಗೇ ನೋಡಿದ್ದ. ಅವಳಿಗೆ ಅದು ಮರೆತೇಹೋಗಿತ್ತು. ಗ್ಲೌಸಿನೊಳಗೆ ನೋಡಿ, ತಲೆಯೆತ್ತಿ, ಗ್ಯಾಲರಿಯಲ್ಲಿ ಅವಳನ್ನು ಹುಡುಕಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗೆ ತೆರೆದಿತ್ತು, ಕೋಣೆಯೊಳಗೆ ಬಂದು ಯಾಕೆ ಬಂದೆ ಎಂದು ಮರೆತವನ ಹಾಗೆ. ಮುಂದಿನ ಹಲ್ಲೊಂದು ಇನ್ನೊಂದರ ಮೇಲೆ ಹತ್ತಿತ್ತು. ಹುಬ್ಬಿನಲ್ಲಿ ಮಣ್ಣಿತ್ತು. ದವಡೆ ಅನ್ನುವುದು ಅವನಿಗೆ ಹೆಚ್ಚುಕಡಿಮೆ ಇರಲೇ ಇಲ್ಲ. ಮುಖ ಬಾಯಿಯ ಕೆಳಗೆ ಸುಮ್ಮನೆ ಮುಗಿದುಹೋಗುತ್ತಿತ್ತು. ಎಷ್ಟು ಸಾಧಾರಣ ಮುಖ.

ವರ್ನಾ ಎದ್ದು ನಿಂತು ಚಪ್ಪಾಳೆ ಹೊಡೆದಳು. ಅವಳೊಬ್ಬಳೇ. ಪಕ್ಕದಲ್ಲಿದ್ದ ಕರ್ಟ್ ಸಾಕು ಎಂದು ಸನ್ನೆ ಮಾಡಿದ. ಅವಳು ಅಂಗೈ ಉರಿಯುವವರೆಗೆ ಹೊಡೆದಳು.

ತಮಗೆ ಉಳಿದಿದ್ದ ಕೊನೆಯ ಸರದಿಯಲ್ಲಿ ಕೊಕ್ಕರೆಗಳು ಒಂದು ರನ್ನೂ ಮಾಡದೆ ಸೋತವು. ಮನೆಗೆ ನಡೆದು ಹೋಗುವಾಗ ಮುಂದೆ ಇಬ್ಬರು ಗಂಡಸರು ಗೊಂಬೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬನು ವಿವರಿಸುತ್ತಿದ್ದ.

“ಎಲ್ಡನ್ ಬಿಡ್ತಾನೇನಯ್ಯಾ? ಅವನ ಅಂಗಿ ಹಾಕ್ಕೊಂಡು ಬೇರೆಯವನು ಕ್ಯಾಚ್ ಹಿಡಿಯೋಕೆ? ನಾನೇ ನೋಡಿದೆ. ಚೆಂಡನ್ನ ಯಾರೋ ಕಿತ್ತ ಹಾಗಾಯ್ತು.”

ವರ್ನಾ ಅವರನ್ನು ದಾಟಿ ಮುಂದೆ ಹೋದಳು. ತಿದ್ದಬೇಕು ಅನ್ನಿಸಲಿಲ್ಲ. ಆ ಎಲ್ಡನ್‌ನನ್ನು ಅವರೇ ಇಟ್ಟುಕೊಳ್ಳಲಿ.

ಅಡುಗೆಮನೆಯ ನೆಲದ ಮೇಲೆ ಮೊಳೆಬೂಟಿನ ಗುರುತುಗಳಿದ್ದವು. ಕೊಲ್ಬಿ ಮೇಜಿನ ಮುಂದೆ, ಅಂಗಿಯನ್ನೂ ಬಿಚ್ಚದೆ, ಬೋಗುಣಿಯಲ್ಲಿ ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದ. ಹಿಂದಿನ ಗೇಟಿನಿಂದ ಬಂದಿದ್ದನಂತೆ.

“ನಾಳೆ ನನ್ನ ತೆಗೆದುಹಾಕ್ತಾರೆ, ಅಲ್ವಾ ಮೇಡಂ?”

“ತೆಗೆದುಹಾಕ್ತಾರೆ. ನಿಧಾನಕ್ಕೆ ತಿನ್ನು.”

ಅವಳು ಹಾಲಿನ ಡಬ್ಬಿಯನ್ನು ಅವನ ಹತ್ತಿರ ಸರಿಸಿ ಎದುರಿಗೆ ಕುಳಿತಳು. ಫೋನು ಬಡಿದುಕೊಂಡಿತು. ಕರ್ಟ್. ಜನ ಬಹಳ ನೊಂದಿದ್ದಾರೆ, ಆ ಅಂಗಿಯನ್ನು ಈಗಲೇ ವಾಪಸು ತರಿಸಿ, ಒಗೆಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಹುಡುಗ ಎಲ್ಲಿ, ಸ್ವಲ್ಪ ಫೋನು ಕೊಡಿ ಎಂದ.

ಕೊಲ್ಬಿ ಅಗಿಯುವುದನ್ನು ನಿಲ್ಲಿಸಿ, ಬೋಗುಣಿಯನ್ನು ಎದೆಗೆ ಅವುಚಿಕೊಂಡು, ನೆಲಮಾಳಿಗೆಯ ಬಾಗಿಲ ಕಡೆ ನೋಡಿದ.

“ಮಲಗಿದ್ದಾನೆ,” ಎಂದಳು ವರ್ನಾ.